ಅತ್ತೆ ಕೇಳಿದ ಖಾಲಿ ಗೋಡೆ

ಮನೆ ಕಟ್ಟುವಾಗ ನಮ್ಮ ಅತ್ತೆ ಕೇಳಿದ್ದು ಒಂದೇ ಒಂದು. ಪಡಸಾಲೆಯಲ್ಲಿ, ಮುಂಬಾಗಿಲಿನ ಎದುರಿಗೆ, ಒಂದು ಖಾಲಿ ಗೋಡೆ.

ಉಳಿದವರು ಕೇಳಿದ್ದನ್ನು ಮಾತ್ರ ಹೇಳಿ ಮುಗಿಸಲಾಗದು. ಬೈಲಹೊಂಗಲದಲ್ಲಿ ಯಾರಾದರೂ ಪಾಯ ತೆಗೆದರೆ ಸಾಕು, ದಾರಿಯಲ್ಲಿ ಹೋಗುವವರೂ ಗಾಡಿ ನಿಲ್ಲಿಸಿ ಉಪದೇಶ ಮಾಡಿ ಹೋಗುತ್ತಾರೆ. ನಮ್ಮ ಮನೆಯವರದು ಮಾರ್ಕೆಟ್ ಹತ್ತಿರ ಬೀಜ-ಗೊಬ್ಬರದ ಅಂಗಡಿ. ಬಂದ ಗಿರಾಕಿಗಳೆಲ್ಲ ನಮ್ಮ ಪಾಲಿಗೆ ಎಂಜಿನಿಯರುಗಳಾದರು. ನೀರಿನ ಸಂಪು ದೊಡ್ಡದಿರಲಿ, ಇನ್ವರ್ಟರಿಗೆ ಬೇರೆ ವೈರ್ ಎಳೆಸಿರಿ, ಸೋಲಾರಿನ ಪೈಪು ಈಗಲೇ ಹಾಕಿಸಿರಿ, ಗೇಟಿಗೆ ಕ್ಯಾಮೆರಾ ಇರಲಿ. ನಮ್ಮ ಮನೆಯವರು ಎಲ್ಲದಕ್ಕೂ ಹೂಂ ಅಂದರು. ಕಾರಿಲ್ಲದ ನಮಗೆ ಕಾರು ನಿಲ್ಲಿಸಲು ಪೋರ್ಚ್ ಬಂತು. ಪೋರ್ಚ್ ಬಂದ ಮೇಲೆ ಮಹಡಿಯ ಮೆಟ್ಟಿಲಿಗೆ ಜಾಗ ಉಳಿಯದೆ ಕಬ್ಬಿಣದ ಸುತ್ತುಮೆಟ್ಟಿಲು ಬಂತು. ನಾನು ಕೇಳಿದ್ದು ಹಪ್ಪಳ, ಸಂಡಿಗೆ ಒಣಹಾಕಲು ಹಿತ್ತಿಲಲ್ಲಿ ಬಿಸಿಲು ಬೀಳುವ ಅಂಗೈಯಗಲ ಜಾಗ. ಅಲ್ಲೀಗ ವಾಷಿಂಗ್ ಮಷಿನ್ ಕುಳಿತಿದೆ. ಅಡುಗೆಕಟ್ಟೆಯನ್ನು ಗೌಂಡಿ ತನ್ನ ಸೊಂಟಕ್ಕೆ ಅಳೆದು ಕಟ್ಟಿದ. ಅವನು ಆರಡಿ ಆಳು. ನಾನು ಮಣೆಯ ಮೇಲೆ ನಿಂತು ರೊಟ್ಟಿ ಬಡಿಯುತ್ತೇನೆ.

ಅತ್ತೆಯ ಬೇಡಿಕೆ ಮಾತ್ರ ಯಾರಿಗೂ ತಿಳಿಯಲಿಲ್ಲ. ಎಂಜಿನಿಯರ್ ನಕ್ಷೆ ಹಾಸಿ ಕೂತಿದ್ದಾಗ ಅವರು ಸೆರಗು ಸರಿಮಾಡಿಕೊಂಡು ಬಂದು ಬೆರಳಿಟ್ಟು ತೋರಿಸಿದರು.

"ಈ ಗ್ವಾಡಿ ಖಾಲಿ ಬಿಡ್ರಿ. ಇದರಾಗ ಕಿಡಕಿ ಬ್ಯಾಡ, ಕಪಾಟೂ ಬ್ಯಾಡ. ಒಂದು ಗೂಟ ಅಷ್ಟ ಬಡೀರಿ."

"ಗೂಟ ಯಾಕ್ರಿ ಅಜ್ಜಿ? ಕ್ಯಾಲೆಂಡರ್ ಹಾಕಾಕೇನ್ರಿ?"

ಅತ್ತೆ ನಕ್ಷೆಯ ಮೇಲಿನ ಬೆರಳು ತೆಗೆದು, "ಹೂಂ ಅನ್ರಿ, ಕ್ಯಾಲೆಂಡರ್ ಹಾಕಾಕ," ಅಂದರು.

ಎಂಜಿನಿಯರ್ ನಕ್ಕ. ನಮ್ಮ ಮನೆಯವರೂ ನಕ್ಕರು. ಚಹಾದ ತಟ್ಟೆ ಹಿಡಿದು ನಿಂತಿದ್ದ ನಾನು ಮಾತ್ರ ನಗಲಿಲ್ಲ.

ನಮ್ಮಲ್ಲಿ ಸತ್ತವರನ್ನು ಮಲಗಿಸಿ ಇಡುವುದಿಲ್ಲ, ಕೂಡಿಸುತ್ತಾರೆ. ಸ್ನಾನ ಮಾಡಿಸಿ, ಹೊಸ ಬಟ್ಟೆ ಉಡಿಸಿ, ಹಣೆ ತುಂಬ ವಿಭೂತಿ ಹಚ್ಚಿ, ಪಡಸಾಲೆಯ ಗೋಡೆಗೆ ಆನಿಸಿ ಕೂಡಿಸುತ್ತಾರೆ. ತಲೆ ವಾಲದ ಹಾಗೆ ಒಂದು ವಸ್ತ್ರ ಕಟ್ಟಿ, ಅದರ ತುದಿಯನ್ನು ಮೇಲಿನ ಗೂಟಕ್ಕೆ ಬಿಗಿಯುತ್ತಾರೆ. ಬಾಗಿಲಲ್ಲಿ ಕಾಲಿಟ್ಟವರಿಗೆ ಮೊದಲು ಕಾಣಬೇಕಾದ್ದು ಆ ಮುಖ. ಹತ್ತಿರ ಕೂತು ಭಜನೆ ಹೇಳುವವರು ಹೇಳುತ್ತಾರೆ, ಅಳುವವರು ಅಳುತ್ತಾರೆ. ಸತ್ತವರು ತಮ್ಮ ಮನೆಯ ಯಜಮಾನಿಕೆಯನ್ನು ಕೊನೆಯ ಸಲ ನಡೆಸುತ್ತ ಕೂತಿರುತ್ತಾರೆ.

ನಮ್ಮ ಮಾವನಿಗೆ ಆ ಗೋಡೆ ಸಿಕ್ಕಿರಲಿಲ್ಲ. ಅವರ ಊರು ಸವದತ್ತಿ ಕಡೆ. ಮಲಪ್ರಭೆಗೆ ಅಣೆಕಟ್ಟು ಕಟ್ಟಿದಾಗ ಊರೇ ಹಿನ್ನೀರಿನಲ್ಲಿ ಹೋಯಿತು. ಅಲ್ಲಿಂದ ಬಂದವರು ಬೈಲಹೊಂಗಲದ ಬಾಡಿಗೆ ಮನೆಗಳಲ್ಲೇ ಆಯುಷ್ಯ ಕಳೆದರು. ನನ್ನ ಮದುವೆಯಾದ ಹೊಸತರಲ್ಲಿ ಅವರು ದವಾಖಾನೆಯಲ್ಲಿ ತೀರಿಕೊಂಡರು. ಗಾಡಿ ಬಾಡಿಗೆ ಮನೆಯ ಮುಂದೆ ನಿಂತಾಗ ಮನೆಯ ಮಾಲೀಕರು ಬಾಗಿಲಿಗೆ ಅಡ್ಡ ನಿಂತು ಕೈ ಮುಗಿದರು. "ಹೊಸಾ ಬಣ್ಣಾ ಹಚ್ಚೇವ್ರಿ, ಮಗಳ ಲಗ್ನಾನೂ ಐತಿ. ತಪ್ಪ ತಿಳಕೋಬ್ಯಾಡ್ರಿ, ಅಂಗಳದಾಗ ಮಾಡ್ರಿ." ಬಯ್ಯುವ ಹಾಗೂ ಇರಲಿಲ್ಲ, ಅಷ್ಟು ಮೆತ್ತಗೆ ಹೇಳಿದರು. ಮಾವನನ್ನು ಅಂಗಳ ಬೀದಿಗೆ ತಾಗುವಲ್ಲಿದ್ದ ಲೈಟಿನ ಕಂಬಕ್ಕೆ ಆನಿಸಿ ಕೂಡಿಸಿದೆವು. ಸ್ಕೂಟರಿನವರು ನಿಧಾನ ಮಾಡಿ ನೋಡಿ ಮುಂದೆ ಹೋಗುತ್ತಿದ್ದರು. ಎಲ್ಲ ಮುಗಿದ ಮೇಲೆ ಅತ್ತೆ ಆ ಮಾಲೀಕರಿಗೆ ಹೇಳಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ. "ಅಂಗಳಾರ ಕೊಟ್ರಿ, ನಿಮ್ಮ ಉಪಕಾರ ಮರಿಯೂದಿಲ್ರಿ."

ಹಾಗಾಗಿ ಆ ಗೋಡೆ ಯಾಕೆಂದು ನನಗೆ ಗೊತ್ತಿತ್ತು. ಅಂದು ಎಂಜಿನಿಯರ್ ಹೋದ ಮೇಲೆ ನಮ್ಮ ಮನೆಯವರಿಗೆ ಹೇಳಿದೆ. ಅವರು ಸಿಡುಕಿದರು.

"ಪಾಯಾ ಇನ್ನೂ ತೆಗದಿಲ್ಲ, ಆಗಲೇ ಹೆಣದ ಮಾತ ತೆಗದಿ ಅಲ್ಲ! ಮನಿ ಕಟ್ಟೂ ಹೊತ್ತಿನ್ಯಾಗ ಬಾಯಾಗ ಚೊಲೋ ಮಾತ ಇರಲಿ."

ತಪ್ಪು ಅವರದೂ ಅಲ್ಲ. ಹೊಸ ಮನೆಯಲ್ಲಿ ಆ ಶಬ್ದ ಆಡಬಾರದು. ಆಡಿದ ಮೇಲೆ ಯಾರಿಗಾದರೂ ಏನಾದರೂ ಆದರೆ ಸೊಸೆಯ ನಾಲಿಗೆಯೇ ಕಾರಣ ಅಂತಾರೆ. ಅತ್ತೆ ಹೇಳಲಾರರು, ನಾನು ಹೇಳಬಾರದು, ನಮ್ಮ ಮನೆಯವರು ಕೇಳಲಾರರು. ಆದರೂ ಅತ್ತೆಯ ಒಂದು ಮಾತು ನಡೆಯಿತು. ಗೋಡೆ ಖಾಲಿಯಾಗಿಯೇ ಎದ್ದಿತು. ಗಿಲಾವು ಆದ ದಿನ ಅತ್ತೆ ಬಂದು ಅಂಗೈಯಿಂದ ಸವರಿ ನೋಡಿ, ನನಗೆ ಚಹಾ ಮಾಡಲು ಹೇಳಿ, ಸಕ್ಕರೆ ಜಾಸ್ತಿ ಹಾಕಿಸಿಕೊಂಡು ಕುಡಿದರು.

ಅದನ್ನು ಕೆಡಿಸಿದ್ದು ಮಗಳ ಪ್ರೀತಿ. ಧಾರವಾಡದಲ್ಲಿರುವ ನಮ್ಮ ನಾದಿನಿ, ಅತ್ತೆಯ ಒಬ್ಬಳೇ ಮಗಳು, ವಾಸ್ತುಶಾಂತಿಗೆ ಮುಯ್ಯಿಯೆಂದು ಟಿವಿ ಇಡುವ ಶೋಕೇಸು ಮಾಡಿಸಿದಳು. ಯಾರಿಗೂ ಹೇಳದೆ, ಖುಷಿಪಡಿಸಬೇಕೆಂದು. ಬಡಿಗೇರರು ಹಲಗೆಗಳನ್ನು ಟೆಂಪೋದಲ್ಲಿ ತಂದು ಇಳಿಸಿದರು. ಇಷ್ಟು ದೊಡ್ಡದಕ್ಕೆ ಮನೆಯಲ್ಲಿ ಇದ್ದದ್ದು ಒಂದೇ ಗೋಡೆ. ನೆಲದಿಂದ ಛತ್ತಿನವರೆಗೆ, ಈ ಮೂಲೆಯಿಂದ ಆ ಮೂಲೆಗೆ, ಬಣ್ಣದ ದೀಪಗಳ ಸಮೇತ ಅದು ಗೋಡೆಯನ್ನು ನುಂಗಿಬಿಟ್ಟಿತು. ಮಗಳು ತಾಯಿಯ ಭುಜ ಹಿಡಿದು, "ಹ್ಯಾಂಗೈತಿ ಅವ್ವಾ?" ಅಂದಳು. ತವರಿಗೆ ಆಸೆಯಿಂದ ತಂದ ಮಗಳಿಗೆ ಯಾವ ತಾಯಿ ಬೇಡ ಅಂದಾಳು? "ಭಾಳ ಚೊಲೋ ಐತಿ," ಅಂದರು ಅತ್ತೆ. ಆಮೇಲೆ ಬಡಿಗೇರನನ್ನು ಮೆಲ್ಲಗೆ ಕೇಳಿದರು.

"ಇದನ್ನ ಬಿಚ್ಚಾಕ ಬರತೈತೇನಪಾ?"

ಅವನು ಅದನ್ನು ತನ್ನ ಕೆಲಸದ ಪರೀಕ್ಷೆ ಅಂದುಕೊಂಡ. "ಗ್ವಾಡಿ ಬಿದ್ದೀತು ಅಜ್ಜಿ, ಇದು ಜಗ್ಗಂಗಿಲ್ಲ. ಕಾಳಜಿ ಬಿಡ್ರಿ," ಅಂದ.

ಮಹಡಿಗೆ ಬಾಡಿಗೆಯವರು ಬಂದರು. ರಾಮದುರ್ಗ ಕಡೆಯವರು. ಬಸ್ ಕಂಡಕ್ಟರ್, ಅವನ ಹೆಂಡತಿ, ಅವನ ತಾಯಿ. ಹೊಳೆ ಉಕ್ಕಿದ ವರ್ಷ ಅವರ ಊರಮನೆ ಬಿದ್ದಿತ್ತು. ಅದೂ ಮಲಪ್ರಭೆಯೇ. ಆ ತಾಯಿ ಮಧ್ಯಾಹ್ನ ಕಬ್ಬಿಣದ ಸುತ್ತುಮೆಟ್ಟಿಲನ್ನು ಕೂತು ಕೂತು ಇಳಿದು ಬರುತ್ತಿದ್ದರು. ಇಬ್ಬರು ಮುದುಕಿಯರೂ ಪೋರ್ಚಿನಲ್ಲಿ ಎಲೆ-ಅಡಿಕೆ ಹಾಕುತ್ತ ಹೊಳೆಯನ್ನು ಸವತಿಯ ಹಾಗೆ ಬಯ್ಯುತ್ತಿದ್ದರು. ಮೊದಲ ಸಲ ನಮ್ಮ ಪಡಸಾಲೆಗೆ ಬಂದಾಗ ಆಕೆ ಸುತ್ತ ಕಣ್ಣಾಡಿಸಿ ಅಂದರು.

"ಎಲ್ಲಾ ಐತಿ ಬಿಡವಾ ನಿಮ್ಮ ಮನ್ಯಾಗ. ಗ್ವಾಡಿ ಒಂದ ಇಲ್ಲ."

ಅತ್ತೆ ಹೊಟ್ಟೆ ಹಿಡಿದು ನಕ್ಕರು. "ಅದಕ್ಕ ನಾ ಇನ್ನೂ ಹೋಗಿಲ್ಲ ನೋಡು," ಅಂದರು. ತಮ್ಮ ಮಾತು ಒಬ್ಬರಿಗಾದರೂ ಹೇಳದೆಯೇ ತಿಳಿಯಿತಲ್ಲ ಎಂಬ ನಗೆ ಅದು. ಒಳಗಿದ್ದ ನನಗೆ ಹೊಟ್ಟೆಕಿಚ್ಚಾಯಿತು, ಸಮಾಧಾನವೂ ಆಯಿತು.

ಗೃಹಪ್ರವೇಶವಾಗಿ ವರ್ಷ ತುಂಬಿರಲಿಲ್ಲ, ಮಹಡಿಯ ಆ ತಾಯಿ ಬೆಳಗಾವಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಬೆಳಿಗ್ಗೆ ಮಗ ನಮ್ಮ ಮನೆಯವರಿಗೆ ಫೋನ್ ಮಾಡಿದ. ಊರ ಹೊಲದಲ್ಲಿ ಮಣ್ಣು ಕೊಡುವುದು ಸಂಜೆಗೆ. ಅಲ್ಲಿಯತನಕ ಬಂಧುಗಳೆಲ್ಲ ಬಂದು ಮುಖ ನೋಡಲು ಇಲ್ಲಿಗೇ ತರಬೇಕು, ಊರಲ್ಲಿ ಮನೆಯಿಲ್ಲ.

"ಅಣ್ಣಾರ, ಅವ್ವನ್ನ ಎಲ್ಲಿ ಕೂಡಸೂಣ್ರಿ?"

ಸುತ್ತುಮೆಟ್ಟಿಲಲ್ಲಿ ಹೆಣ ಏರುವುದಿಲ್ಲ. ಜೀವ ಇದ್ದವರೇ ಕಷ್ಟಪಟ್ಟು ಏರುತ್ತಾರೆ. ನಮ್ಮ ಮನೆಯವರು ಫೋನಿನ ಮೇಲೆ ಕೈ ಮುಚ್ಚಿ ನನ್ನ ಮುಖ ನೋಡಿ, "ಹೊಸಾ ಮನಿಗೆ ಇನ್ನೂ ವರ್ಷ ತುಂಬಿಲ್ಲಲ್ಲ," ಅಂದರು. ಅತ್ತೆ ಎದ್ದು ನಿಂತರು.

"ನಮ್ಮ ಪಡಸಾಲ್ಯಾಗ ಕೂಡಸು ಅನ್ನು. ಆಕಿ ನಮ್ಮಾಕಿ."

ನಮ್ಮ ಮನೆಯವರು ತಾಯಿಯ ಕಣ್ಣು ನೋಡಿದ ಮೇಲೆ ವರ್ಷದ ಮಾತು ಬಿಟ್ಟರು. "ಆತವ್ವಾ. ಆದ್ರ ಎಲ್ಲಿ ಕೂಡಸೂಣು? ಗ್ವಾಡಿ ಎಲ್ಲೈತಿ?"

ಅದು ತಪ್ಪಿಸಿಕೊಳ್ಳುವ ಮಾತಾಗಿರಲಿಲ್ಲ. ಮೂವರೂ ಪಡಸಾಲೆಯ ನಡುವೆ ನಿಂತು ಸುತ್ತ ನೋಡಿದೆವು. ಮುಂಬಾಗಿಲಿನ ಕಡೆ ನೆಲಮಟ್ಟದ ದೊಡ್ಡ ಕಿಟಕಿ, ಗಾಳಿ ಬೆಳಕು ಬರಲೆಂದು. ಒಂದು ಕಡೆ ಮಲಗುವ ಕೋಣೆಗಳ ಬಾಗಿಲುಗಳು. ಒಂದು ಕಡೆ ಅಡುಗೆಮನೆಗೆ ಹೋಗುವ ಕಮಾನು, ಮನೆ ದೊಡ್ಡದಾಗಿ ಕಾಣಲೆಂದು. ಉಳಿದದ್ದು ಶೋಕೇಸು. ನಾನು ಸ್ಕ್ರೂಡ್ರೈವರ್ ತಂದು ಅದರ ಸಂದಿಗಳಲ್ಲೆಲ್ಲ ಹುಡುಕಿದೆ. ಒಂದು ಸ್ಕ್ರೂ ಕಾಣಲಿಲ್ಲ. ಬಡಿಗೇರ ಎಲ್ಲವನ್ನೂ ಅಂದವಾಗಿ ಸನ್‌ಮೈಕಾ ಹಾಳೆಯೊಳಗೆ ಮುಚ್ಚಿದ್ದ. ಸಿಟ್ಟಿನಿಂದ ಹಲಗೆಗೆ ಗುದ್ದಿದೆ. ಏನೋ ಒತ್ತಿ ನೀಲಿ ದೀಪಗಳು ಹತ್ತಿಕೊಂಡವು. ನನಗೆ ಅಳು ಬಂತು.

ಕೊನೆಗೆ ಪೋರ್ಚಿನಲ್ಲಿ ಕೂಡಿಸಿದರು. ಕರೆಂಟಿನ ಮೀಟರಿನ ಪಕ್ಕ, ಸಂಪಿನಿಂದ ಟ್ಯಾಂಕಿಗೆ ನೀರು ಏರುವ ಪೈಪಿಗೆ ವಸ್ತ್ರ ಬಿಗಿದರು. ಪೈಪು ನಡುಗಿದರೆ ತಲೆ ಅಲುಗಾಡೀತೆಂದು ಯಾರೋ ಮೋಟರ್ ಹಚ್ಚಬೇಡಿ ಅಂದರು. ಹೀಗಾಗಿ ಇಡೀ ದಿನ ಅಷ್ಟು ಮಂದಿಗೆ ಮನೆಯಲ್ಲಿ ನೀರಿಲ್ಲ. ನಾನು ಸಂಪಿನಿಂದ ಕೊಡದಲ್ಲಿ ಸೇದಿ ಕೊಟ್ಟೆ. ಗೇಟು ಅಗಲಕ್ಕೆ ತೆರೆದಿತ್ತು. ಸ್ಕೂಟರಿನವರು ನಿಧಾನ ಮಾಡಿ ನೋಡಿ ಮುಂದೆ ಹೋದರು. ಅತ್ತೆ ಗೆಳತಿಯ ಪಕ್ಕದಿಂದ ಏಳಲಿಲ್ಲ. ನಡುನಡುವೆ ಆಕೆಯ ಸೆರಗು ಸರಿಮಾಡುತ್ತಿದ್ದರು.

ಸಂಜೆ ಗಾಡಿ ಹೊರಡುವ ಮೊದಲು ಮಗ ಬಂದು ಅತ್ತೆಯ ಕಾಲು ಮುಟ್ಟಿದ. "ಜಾಗಾರ ಕೊಟ್ರಿ ಅಮ್ಮಾರ. ನಿಮ್ಮ ಉಪಕಾರ ಮರಿಯೂದಿಲ್ರಿ," ಅಂದ.

ಅತ್ತೆ ಅವನ ಭುಜ ಹಿಡಿದು ಎಬ್ಬಿಸಿ ನನ್ನ ಕಡೆ ನೋಡಿದರು. ನಾನೇನು ಮಾಡಲಿ? ತಲೆ ತಗ್ಗಿಸಿದೆ.

ಕೆಲವು ದಿನ ಅತ್ತೆ ಪಡಸಾಲೆಯಲ್ಲಿ ಕೂಡಲೇ ಇಲ್ಲ. ಒಂದು ಮುಂಜಾನೆ ನೋಡಿದರೆ ಪೋರ್ಚಿನಲ್ಲಿ, ಅದೇ ಜಾಗದಲ್ಲಿ, ಗೋಡೆಗೆ ಬೆನ್ನು ಕೊಟ್ಟು ಕೂತಿದ್ದರು. ಆ ಕಡೆ ಸರಿದರು, ಈ ಕಡೆ ಸರಿದರು.

"ಪೈಪ್ ಬೆನ್ನಿಗೆ ಒತ್ತತೈತಿ," ಅಂದರು. "ಈ ಕಡೆ ಚೊಲೋ ಐತಿ. ಬಿಸಲೂ ಬರಂಗಿಲ್ಲ. ಇಲ್ಲೊಂದು ಗೂಟ ಬಡಸು."

ಅಂಗಡಿಗೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದ ನಮ್ಮ ಮನೆಯವರು ಹಾಗೇ ನಿಂತರು.

"ಗೂಟ ಯಾಕವ್ವಾ?"

"ಕ್ಯಾಲೆಂಡರ್ ಹಾಕಾಕ."

ಅವರು ಚಪ್ಪಲಿ ಬಿಟ್ಟು ಒಳಗೆ ಹೋಗಿ ಡ್ರಿಲ್ ಮಷಿನ್ ತಂದರು. ಎತ್ತರ ಎಷ್ಟಿರಬೇಕು ಅಂತ ಕೇಳಲು ಅವರಿಗೆ ಬಾಯಿ ಬರಲಿಲ್ಲ. ಅತ್ತೆ ಕೂತಲ್ಲೇ ಕೈಯೆತ್ತಿ, ತಮ್ಮ ನೆತ್ತಿಯ ಮೇಲೆ ಒಂದು ಗೇಣು ಅಳೆದು, "ಇಲ್ಲಿ," ಅಂದರು.