ರೆಕ್ಕೆಯ ಮೇಲಿನ ನೂಲು

ನನ್ನ ಯಜಮಾನರು ಬಡಗಿ. ಆದರೆ ಕುರ್ಚಿ ಮೇಜು ಮಾಡಿದವರಲ್ಲ. ವಿಶ್ವವಿದ್ಯಾಲಯದ ಹಿಂಬದಿಯ ಶೆಡ್ಡಿನಲ್ಲಿ ಮರದ ವಿಮಾನ ಕೆತ್ತುತ್ತಿದ್ದರು. ಹೊಸ ವಿಮಾನ ಹೇಗಿರಬೇಕೆಂದು ವಾಯುಸೇನೆಯವರೂ ಅಲ್ಲಿನ ಮೇಷ್ಟರುಗಳೂ ಕೂಡಿ ತಲೆ ಕೆಡಿಸಿಕೊಂಡಿದ್ದ ಕಾಲ ಅದು. ಇವರು ಕೆತ್ತಿದ ಮಾದರಿಯನ್ನು ದೊಡ್ಡದೊಂದು ಕೊಳವೆಯೊಳಗೆ ನಿಲ್ಲಿಸಿ ಗಾಳಿ ಬಿಡುತ್ತಿದ್ದರು.

"ನಿನ್ನ ಗಂಡನ ವಿಮಾನ ಯಾವಾಗಮ್ಮಾ ಹಾರೋದು?" ಎಂದು ಪಕ್ಕದ ಮನೆಯಾಕೆ ಛೇಡಿಸಿದರೆ, "ಅದು ಹಾರಲ್ಲ ಅಕ್ಕ, ಗಾಳಿನೇ ಅದರ ಮೇಲೆ ಹಾರುತ್ತೆ" ಎನ್ನುತ್ತಿದ್ದೆ. ಎನ್ನುತ್ತಿದ್ದೆನೇ ಹೊರತು ನಾನೇನು ನೋಡಿದ್ದೆ? ಗುಟ್ಟಿನ ಕೆಲಸ, ಹೊರಗಿನವರು ಒಳಗೆ ಕಾಲಿಡುವಂತಿಲ್ಲ. ಪರೀಕ್ಷೆ ಮುಗಿದ ಮಾದರಿಯನ್ನು ಕೆತ್ತಿದವರೇ ಗರಗಸ ಹಿಡಿದು ತುಂಡು ಮಾಡಬೇಕು. ಹಾಗಾಗಿ ಇವರ ಕೈಕೆಲಸ ಒಂದೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ನನ್ನ ಪಾಲಿಗೆ ಬರುತ್ತಿದ್ದದ್ದು ಅಂಗಿಯ ಮಡಿಕೆಯಲ್ಲಿ ಸಿಕ್ಕಿಕೊಂಡ ಮರದ ಪುಡಿ, ಮತ್ತೆ ನೂಲು ಕತ್ತರಿಸುವ ಕೆಲಸ. ಹಳೆಯ ಸ್ವೆಟರ್ ಬಿಚ್ಚಿ ಬೆರಳುದ್ದದ ಎಳೆ ಮಾಡಿ ಕೊಡುತ್ತಿದ್ದೆ. ರೆಕ್ಕೆಯ ತುಂಬ ಅವನ್ನು ಅಂಟಿಸಿದರೆ ಗಾಳಿ ಹೋಗುವ ದಾರಿ ಕಾಣುತ್ತದಂತೆ.

ನಿವೃತ್ತಿಗೆ ಮುಂಚಿನ ಕೊನೆಯ ರೆಕ್ಕೆ. "ಇದೊಂದನ್ನಾದ್ರೂ ನೀನು ನೋಡ್ಬೇಕು ಕಣೇ" ಎಂದು ತಟ್ಟೆಯ ಮುಂದೆ ಕುಳಿತು ಕನವರಿಸುತ್ತಿದ್ದರು. ಆ ಆಸೆಯಲ್ಲೇ ಮೇಣ ಹಚ್ಚಿ, ಉಜ್ಜಿ ಉಜ್ಜಿ, ಅದನ್ನು ಕನ್ನಡಿ ಮಾಡಿಟ್ಟರು. ಸೇನೆಯವರು ನೋಡಲು ಬಂದ ಬೆಳಿಗ್ಗೆ ಗಾಳಿ ಬಿಟ್ಟರೆ, ಆ ನುಣುಪಿಗೆ ನೂಲು ನಿಲ್ಲಬೇಕಲ್ಲ! ಎಲ್ಲ ಹಾರಿಹೋದವು. ಮೇಣ ಒರೆಸಿ ಮತ್ತೆ ಅಂಟಿಸೋಣವೆಂದರೆ ಕಾಲೇಜಿನ ಹುಡುಗರ ಬೆರಳಿಗೇ ನೂಲು ಅಂಟಿಕೊಳ್ಳುತ್ತಿತ್ತಂತೆ.

"ನಮ್ಮನೆಯವಳಾದ್ರೆ ಚಕಚಕ ಅಂಟಿಸ್ತಾಳೆ ಸಾರ್" ಎಂದರಂತೆ ಇವರು, ಮೆಲ್ಲಗೆ.

"ಹೊರಗಿನವರಲ್ವೇನ್ರೀ?" ಎಂದು ಸೇನೆಯ ಅಧಿಕಾರಿ ಹುಬ್ಬು ಗಂಟಿಕ್ಕಿದರಂತೆ.

"ಅಷ್ಟೂ ನೂಲು ಕತ್ತರಿಸಿದ್ದು ಅವರೇ. ಇನ್ನೆಷ್ಟು ಒಳಗಿನವರಾಗ್ಬೇಕು?" ಎಂದು ದೊಡ್ಡ ಮೇಷ್ಟರು ನಕ್ಕರಂತೆ. ಅಧಿಕಾರಿಯೂ ನಕ್ಕುಬಿಟ್ಟರಂತೆ.

ಮನೆ ಬಾಗಿಲಿಗೆ ಜೀಪು ಬಂತು. ಒಲೆ ಆರಿಸಿ, ಒದ್ದೆ ಕೈಯಲ್ಲೇ ಹತ್ತಿದೆ.

ರೆಕ್ಕೆ ಮುಟ್ಟಿದರೆ ಮಲಗಿದ ಮಗುವಿನ ಬೆನ್ನು ಮುಟ್ಟಿದ ಹಾಗಿತ್ತು. ಎಳೆ ಎಳೆಯಾಗಿ ಅಂಟಿಸಿ, ಕೊಳವೆಯ ಗಾಜಿನ ಈಚೆ ಬಂದು ನಿಂತೆ. ಗಾಳಿ ಬಿಟ್ಟರು. ನೂಲೆಲ್ಲ ಒಮ್ಮೆ ಎದ್ದು, ತಲೆ ಬಾಚಿಸಿಕೊಂಡಂತೆ ಒಂದೇ ಕಡೆಗೆ ಒರಗಿದವು. ತುದಿಯಲ್ಲಿ ಮಾತ್ರ ನಾಲ್ಕಾರು ಎಳೆ, ನಿದ್ದೆಗಣ್ಣಲ್ಲಿ ಏನೋ ಹೇಳಹೊರಟಂತೆ ನಡುಗುತ್ತಿದ್ದವು. ನೋಡುತ್ತ ನೋಡುತ್ತ ರೆಕ್ಕೆ ಅಲ್ಲೇ ನಿಂತು, ಶೆಡ್ಡೂ ಅಧಿಕಾರಿಯೂ ನಾವಿಬ್ಬರೂ ಎಲ್ಲಿಗೋ ತೇಲಿಹೋಗುತ್ತಿರುವಂತೆ ಅನಿಸಿತು.

"ಕಾಣ್ತೇನೇ?" ಎಂದರು ಇವರು.

"ಕಾಣ್ತು ರೀ. ಗಾಳಿ ಕಾಣ್ತು."

"ಅಯ್ಯೋ ಇವಳ! ನಾನು ಕೇಳಿದ್ದು ರೆಕ್ಕೇನ ಕಣೇ!"

ಸಂಜೆ ಗರಗಸ ತೆಗೆದರು. ಅಷ್ಟು ವರ್ಷ ಒಬ್ಬರೇ ಕೊಯ್ದವರು. ಅಂದು ಅಲುಗದಂತೆ ಇನ್ನೊಂದು ತುದಿಯನ್ನು ನಾನು ಹಿಡಿದುಕೊಂಡೆ. ನೂಲು ಕೀಳಲಿಲ್ಲ. ಗರಗಸ ಹತ್ತಿರ ಬಂದಂತೆ ಅವು ನನ್ನ ಕೈಯ ಕೆಳಗೆ ಮತ್ತೆ ನಡುಗಿದವು.