ಹತ್ತೂ ಬೆರಳಿನ ಹುಲುಗಪ್ಪ

ಹುಲುಗಪ್ಪನ ಕೈಯಲ್ಲಿ ಹತ್ತೂ ಬೆರಳಿದ್ದವು. ನನಗೆ ಮೊದಲ ಅನುಮಾನ ಬಂದಿದ್ದೇ ಅಲ್ಲಿ. ಮೂವತ್ತು ವರ್ಷ ಕಟಿಂಗ್ ಮಷಿನ್ ಮುಂದೆ ನಿಂತಿದ್ದೇನೆ ಅನ್ನುವ ಮನುಷ್ಯನಿಗೆ ಒಂದು ಉಗುರಾದರೂ ಹೋಗಿರಬೇಡವೇ? ಹೊಸಪೇಟೆಯಲ್ಲಿ ನಾನು ಕಂಡ ಬಡಿಗೇರರಲ್ಲಿ ಒಬ್ಬರಿಗೆ ಹೆಬ್ಬೆರಳು ಮೊಂಡು, ಇನ್ನೊಬ್ಬರಿಗೆ ಕಿರುಬೆರಳೇ ಇಲ್ಲ. ಈತ ಕಂಪ್ಲಿಯ ಕಡೆಯಿಂದ ಕೆಲಸ ಕೇಳಿಕೊಂಡು ಚಿತ್ತವಾಡ್ಗಿಯ ನಮ್ಮ ಅಂಗಡಿಗೆ ಬಂದು ಎರಡೂ ಕೈ ಜೋಡಿಸಿ ನಿಂತಾಗ, "ಇವ ಕೆಲಸ ಮಾಡ್ಯಾನೋ, ಮಾಡೋರನ್ನ ನೋಡಕೋತ ಕುಂತಾನೋ" ಎಂದು ನಮ್ಮನೆಯವರ ಕಿವಿಯಲ್ಲಿ ಅಂದೆ. ಅವರು ನಕ್ಕು ಕೆಲಸಕ್ಕೆ ಇಟ್ಟುಕೊಂಡರು. ಅವರಿಗೆ ಯಾರ ಮೇಲೂ ಅನುಮಾನ ಇಲ್ಲ. ಅದಕ್ಕೇ ಇಬ್ಬರ ಪಾಲಿನದೂ ನಾನೇ ಪಡಬೇಕು.

ನಮ್ಮದು ಬಾಗಿಲು, ಕಿಟಕಿ, ಮಂಚ ಮಾಡುವ ಅಂಗಡಿ. ನಮ್ಮನೆಯವರು, ಅಂದರೆ ನನ್ನ ಗಂಡ ಈರಣ್ಣ, ಕಟ್ಟಿಗೆ ಕೆಲಸಕ್ಕೆ. ಪಾಲಿಶ್ ಹೊಡೆಯುವುದಕ್ಕೂ ಗಿರಾಕಿಗಳ ಹತ್ತಿರ ಜಗಳ ಆಡುವುದಕ್ಕೂ ನಾನು. ಅಂಗಡಿಯ ನಡುವೆ ಮಷಿನ್: ಕಬ್ಬಿಣದ ಟೇಬಲ್ಲು, ಅದರ ಸೀಳಿನಿಂದ ಮೇಲೆದ್ದು ಗಿರ್ರನೆ ತಿರುಗುವ ಹಲ್ಲಿನ ಬ್ಲೇಡು. ಅದರ ಎದುರು ನಿಂತಾಗ ಹುಲುಗಪ್ಪನಷ್ಟು ಸಂಶಯದ ಪ್ರಾಣಿ ಇನ್ನೊಂದಿಲ್ಲ. ಹಳೇ ಮನೆ ಕೆಡವಿದವರು ತಂದ ಸಾಗುವಾನಿ ತೊಲೆ ಬಂದರೆ, ಒಡೆದ ಸ್ಪೀಕರಿನಿಂದ ಕಿತ್ತ ಅಯಸ್ಕಾಂತವನ್ನು ಅದರ ಮೈತುಂಬ ಆಡಿಸುತ್ತಿದ್ದ. "ಮ್ಯಾಲೆ ಚಲೋನ ಕಾಣತೈತಿ ಯವ್ವಾ. ಹೊಟ್ಟ್ಯಾಗ ಮೊಳಿ ಇಟ್ಟಕೊಂಡಿರತೈತಿ," ಅನ್ನುತ್ತಿದ್ದ. ಹಲಗೆ ಕೊಯ್ಯುವಾಗ ಅದರ ನೇರಕ್ಕೆ ಎಂದೂ ನಿಲ್ಲುತ್ತಿರಲಿಲ್ಲ, ಒಂದು ಪಕ್ಕಕ್ಕೆ ನಿಲ್ಲುತ್ತಿದ್ದ. ಬ್ಲೇಡು ಕಚ್ಚಿದರೆ ಹಲಗೆ ವಾಪಸ್ ಬಂದು ಹೊಟ್ಟೆಗೇ ಹೊಡೆಯುತ್ತದಂತೆ. ಬ್ಲೇಡಿನ ಹತ್ತಿರ ಬಂದಮೇಲೆ ಹಲಗೆಯನ್ನು ಕೈಯಿಂದ ದೂಡದೆ, ತಾನೇ ಕೆತ್ತಿದ ಬೇವಿನ ಕೋಲಿನಿಂದ ದೂಡುತ್ತಿದ್ದ. ನಾನು ಹತ್ತಿರ ಬಂದರೆ ಮೊದಲು ಸೆರಗು ನೋಡುತ್ತಿದ್ದ, ಆಮೇಲೆ ಮುಖ.

ಒಮ್ಮೆ ನಮ್ಮನೆಯವರು ಎಲ್ಲರಿಗೂ ದಪ್ಪನೆಯ ಕೈಗವಸು ತಂದರು. ಹುಲುಗಪ್ಪ ಅವನ್ನು ತಿರುಗಿಸಿ ಮುರುಗಿಸಿ ನೋಡಿ, "ಈ ಮಷಿನ್‌ಗೆ ಇವು ಬ್ಯಾಡಪಾ. ಹಲ್ಲು ಬಟ್ಟಿ ಹಿಡೀತಂದ್ರ ಕೈಯೂ ಸಂಗಾಟ ಎಳಕೋತೈತಿ" ಎಂದ. ಬಿಸಾಡಲಿಲ್ಲ. ಮರುದಿನದಿಂದ ಚಾ ಪಾತ್ರೆ ಇಳಿಸಲು ಇಟ್ಟುಕೊಂಡ. "ಇದಕ್ಕ ಮಸ್ತ್ ಅದಾವ ನೋಡು" ಎಂದು ನನಗೇ ತೋರಿಸಿದ.

ಇದೆಲ್ಲ ಸರಿ. ನನ್ನ ತಲೆ ಕೆಡಿಸಿದ್ದು ಫ್ಯೂಸು.

ನಮ್ಮ ಓಣಿಯ ಬಡಿಗೇರರದು ಒಂದು ಪದ್ಧತಿ. ಕರೆಂಟು ಹೋದರೆ ಯಾರೂ ಮಷಿನ್ನಿನ ಸ್ವಿಚ್ ಆರಿಸುವುದಿಲ್ಲ. ಹಾಗೇ ಬಿಟ್ಟು ಮೂಲೆಯ ಹೋಟೆಲಿಗೆ ಚಾ ಕುಡಿಯಲು ಹೋಗುತ್ತಾರೆ. ಕರೆಂಟು ಬಂತೆಂದರೆ ಮಷಿನ್ ತಾನೇ ಕೂಗುತ್ತದೆ, ಎಲ್ಲರೂ ಲೋಟ ಇಟ್ಟು ಓಡಿ ಬರುತ್ತಾರೆ. ಯಾವ ಅಂಗಡಿಯ ಮಷಿನ್ ಕೂಗಿತು ಎಂದು ಸದ್ದಿನ ಮೇಲೇ ಹೇಳುವವರಿದ್ದಾರೆ. ಹುಲುಗಪ್ಪ ಬಂದಮೇಲೆ ನಮ್ಮದು ಮಾತ್ರ ಕೂಗುವುದು ನಿಂತಿತು. ಕರೆಂಟು ಹೋದರೂ ಸರಿ, ಬ್ಲೇಡು ಬದಲಿಸಬೇಕಾದರೂ ಸರಿ, ಬೋರ್ಡಿನಿಂದ ಮೋಟರಿನ ಬಿಳಿ ಪಿಂಗಾಣಿ ಫ್ಯೂಸನ್ನು ಕಿತ್ತು ಅಂಗಿಯ ಜೇಬಿಗೆ ಹಾಕಿಕೊಂಡುಬಿಡುತ್ತಿದ್ದ. ಊಟಕ್ಕೆ ಹೋದರೂ ಅದು ಜೇಬಿನಲ್ಲಿ. ಅವನು ಬರುವ ತನಕ ಮಾಲೀಕನಾದರೂ ಬೆರಳು ಮಡಚಿ ಕೂರಬೇಕು.

"ಕಾಕಾ, ಫ್ಯೂಸ್ ಯಾಕ ಒಯ್ತೀರಿ? ಸ್ವಿಚ್ ಆರಿಸಿದ್ರ ಸಾಲದನು?" ಎಂದು ಕೇಳಿದೆ.

"ಸ್ವಿಚ್ ಯಾರು ಬೇಕಾದ್ರೂ ಒತ್ತತಾರ ಯವ್ವಾ. ಜೇಬಿಗೆ ಯಾರೂ ಕೈ ಹಾಕಂಗಿಲ್ಲ."

ಈ ಮಾತು ನನಗೆ ಸರಿಬರಲಿಲ್ಲ. ಇವನಿಲ್ಲದೆ ಅಂಗಡಿ ನಡೆಯಬಾರದು ಅನ್ನುವ ಹುನ್ನಾರವೇ? ನಾಳೆ ಇದೇ ಓಣಿಯಲ್ಲಿ ತಾನೇ ಅಂಗಡಿ ಹಾಕಿ ನಮ್ಮ ಗಿರಾಕಿಗಳನ್ನು ಎಳೆದುಕೊಂಡರೆ? ಕಂಪ್ಲಿಯ ಕಟ್ಟಿಗೆ ಅಡ್ಡೆಯ ಕೆಲಸ ಯಾಕೆ ಬಿಟ್ಟ ಎಂದು ಅಲ್ಲಿಂದ ಬಂದವರನ್ನೆಲ್ಲ ಕೇಳಿದೆ. ಒಬ್ಬರೂ ಬಾಯಿ ಬಿಡಲಿಲ್ಲ. ಬೆಂಕಿಯಿಲ್ಲದೆ ಹೊಗೆಯಾಡುತ್ತದೆಯೇ ಎಂದುಕೊಂಡು ನಾನು ಅವನ ಮೇಲೆ ಒಂದು ಕಣ್ಣಿಟ್ಟೇ ಇದ್ದೆ.

ಒಂದು ಮಧ್ಯಾಹ್ನ ಕರೆಂಟು ಹೋಯಿತು. ಸಂಡೂರಿನ ಗಿರಾಕಿಯೊಬ್ಬರ ಬಾಗಿಲು ಅವತ್ತೇ ಮುಗಿಯಬೇಕಿತ್ತು, ನಮ್ಮನೆಯವರು ಬೆಳಿಗ್ಗೆಯಿಂದ ಚಡಪಡಿಸುತ್ತಿದ್ದರು. ಸ್ವಿಚ್ ಹಾಗೇ ಬಿಟ್ಟು ಚಾಕ್ಕೆ ಹೋದವರು ಎಲ್ಲರಿಗಿಂತ ಮೊದಲು ತಿರುಗಿ ಬಂದರು. ಬ್ಲೇಡಿನ ಪಕ್ಕದ ಸೀಳಿನಲ್ಲಿ ಚಕ್ಕೆಯೊಂದು ಸಿಕ್ಕಿಕೊಂಡಿತ್ತು. ಬಗ್ಗಿ, ಎರಡು ಬೆರಳು ಒಳಗೆ ತೂರಿಸಿ ಅದನ್ನು ಮೀಟತೊಡಗಿದರು. ನಾನು ಎದುರಿಗೇ ಕೂತು ಮಂಚದ ಕಾಲು ಉಜ್ಜುತ್ತಿದ್ದೆ.

ಕರೆಂಟು ಬಂತು. ತಲೆಯ ಮೇಲಿನ ಫ್ಯಾನು ತಿರುಗಿತು. ಪಕ್ಕದ ಅಂಗಡಿಯ ಮಷಿನ್ ಕೂಗಿತು. ನಮ್ಮನೆಯವರ ಬೆರಳು ಹಲ್ಲುಗಳ ನಡುವೆಯೇ ಇದ್ದವು. ನಮ್ಮ ಬ್ಲೇಡು ಮಿಸುಕಲಿಲ್ಲ. ಅವರು ನಿಧಾನವಾಗಿ ಕೈ ಹೊರಗೆ ತೆಗೆದರು, ಸ್ವಿಚ್ಚಿನ ಕಡೆ ನೋಡಿದರು, ಅಲ್ಲೇ ಕಟ್ಟಿಗೆ ಹೊಟ್ಟಿನ ಮೇಲೆ ಕೂತುಬಿಟ್ಟರು.

ಹುಲುಗಪ್ಪ ಜೇಬು ಮುಟ್ಟಿಕೊಳ್ಳುತ್ತ ಬಂದ. ಕೂತವರನ್ನು ನೋಡಿದ, ಸ್ವಿಚ್ಚು ನೋಡಿದ, ಎಲ್ಲ ತಿಳಿಯಿತು. ಸ್ವಿಚ್ ಆರಿಸಿದ. ನಮ್ಮನೆಯವರ ಜಾಗದಲ್ಲಿ ಇನ್ನೊಬ್ಬರಿದ್ದರೆ ಅವನಿಗೆ ಕೈ ಮುಗಿಯುತ್ತಿದ್ದರು. ಗಂಡಸರ ಹೆದರಿಕೆ ಸಿಟ್ಟಾಗಿಯೇ ಹೊರಬೀಳಬೇಕಲ್ಲ. "ನನ್ನ ಮಷಿನ್‌ಗೆ ಬೀಗ ಹಾಕಾಕ ನೀ ಯಾವನಲೇ?" ಎಂದು ನಮ್ಮನೆಯವರು ಓಣಿಯೆಲ್ಲ ಕೇಳುವ ಹಾಗೆ ಕೂಗಿದರು. ತಂದೆಯ ವಯಸ್ಸಿನವನಿಗೆ ಲೇ ಅಂದರು.

ಸಂಜೆ ಹುಲುಗಪ್ಪ ಅಯಸ್ಕಾಂತವನ್ನೂ ಬೇವಿನ ಕೋಲನ್ನೂ ಟೇಬಲ್ಲಿನ ಮೇಲಿಟ್ಟು, ಫ್ಯೂಸನ್ನು ಮಾತ್ರ ನನ್ನ ಕೈಯಲ್ಲಿ ಹಾಕಿದ.

"ಅವನ ಕೈಯಾಗ ಕೊಡಬ್ಯಾಡ. ನೀ ಇಟ್ಟಕೊ. ನೀ ಯಾರನ್ನೂ ನಂಬಂಗಿಲ್ಲ, ನನಗ ಗೊತ್ತೈತಿ."

"ಹೋಗಬ್ಯಾಡ್ರಿ ಕಾಕಾ. ಸಿಟ್ಟಿನ್ಯಾಗ ಅಂದಾರ ಅವ್ರು."

"ಸಿಟ್ಟಿಗಲ್ಲ ಯವ್ವಾ. ಕೈಯಿ ನಡಗಾಕತ್ತೈತಿ. ನಡಗೋ ಕೈಲೆ ಈ ಕೆಲಸ ಮಾಡಬಾರದು." ಅವನು ಕೈ ಚಾಚಿದ. ಬೆರಳುಗಳು ನಿಜಕ್ಕೂ ನಡುಗುತ್ತಿದ್ದವು. "ಕಂಪ್ಲ್ಯಾಗ ನಮ್ಮ ಅಣ್ಣನೂ ಹಿಂಗ ಚಕ್ಕಿ ತೆಗ್ಯಾಕ ಬಗ್ಗಿದ್ದ. ನಾ ಚಾ ಕುಡ್ಯಾಕ ಹೋಗಿದ್ದೆ. ಸ್ವಿಚ್ ಹಾಕಿ ಬಿಟ್ಟಾವ ನಾನ. ಮಷಿನ್ ಕೂಗಿದ್ದು ಕೇಳಿ, ಕರೆಂಟ್ ಬಂತು ಅಂತ ಖುಷೀಲೆ ಓಡಿ ಬಂದೆ."

ಅಷ್ಟೇ ಹೇಳಿದ. ಹೆಗಲ ಮೇಲಿನ ಟವೆಲ್ಲು ಕೊಡವಿ ಬಸ್‌ಸ್ಟ್ಯಾಂಡಿನ ಕಡೆ ಹೋದ. ಅಲ್ಲಿಗೆ ನನ್ನ ಅನುಮಾನ ಮುಗಿಯಿತೆಂದಲ್ಲ. ಅವನ ಮೇಲಿದ್ದದ್ದು ನಮ್ಮನೆಯವರ ಮೇಲೆ ಬಂತು. ಅವತ್ತಿನಿಂದ ಕರೆಂಟು ಹೋದರೆ ಫ್ಯೂಸು ನನ್ನ ಪರ್ಸಿಗೆ, ರಾತ್ರಿಯೂ ಪರ್ಸಿನಲ್ಲೇ. ನಮ್ಮನೆಯವರು ಒಂದು ದಿನವೂ ಎದುರಾಡಲಿಲ್ಲ. ಉಪ್ಪು ಕಡಿಮೆಯಾದರೆ ತಟ್ಟೆ ದೂಡುವ ಮನುಷ್ಯ ಇದಕ್ಕೆ ಮಾತ್ರ ಸುಮ್ಮನಿದ್ದಾರೆಂದರೆ ಏನೋ ಇದೆ ಎಂದೇ ನನಗೆ ಅನ್ನಿಸುತ್ತಿತ್ತು.

ಆಮೇಲೊಮ್ಮೆ ಎಮ್ಮಿಗನೂರಿಗೆ, ಹುಲುಗಪ್ಪನ ಮಗಳ ಮನೆಗೆ ಹೋದೆ. ಕಟ್ಟೆಯ ಮೇಲೆ ಕೂತಿದ್ದ, ಬಹಳ ಸೊರಗಿದ್ದ. ನನ್ನನ್ನು ಕಂಡು ಕುಂದ್ರು ಅನ್ನುವುದಕ್ಕೆ ಮೊದಲು, "ಈರಣ್ಣನವು ಹತ್ತೂ ಅದಾವ?" ಎಂದ.

"ಹತ್ತೂ ಅದಾವ್ರಿ ಕಾಕಾ."

"ಫ್ಯೂಸ್?"

ಪರ್ಸಿನಿಂದ ತೆಗೆದು ತೋರಿಸಿದೆ. ತಂತಿ ಬಿಗಿಯಾಗಿದೆಯೇ ಎಂದು ಉಗುರಿನಿಂದ ಮುಟ್ಟಿ ನೋಡಿ ವಾಪಸ್ ಕೊಟ್ಟ. ಆಮೇಲೆ ಕಣ್ಣು ಸಣ್ಣ ಮಾಡಿ, "ಅಂಗಡ್ಯಾಗ ಇನ್ನೊಂದು ಇಲ್ಲ ಅಂತ ಹೆಂಗ ಹೇಳ್ತಿ? ಒಂದು ತಂತಿ ತುಂಡು ಸಿಗಿಸಿದ್ರೂ ಮಷಿನ್ ತಿರುಗತೈತಿ" ಎಂದ.

"ಅವ್ರು ಹಂಗ ಮಾಡಂಗಿಲ್ರಿ."

"ನಂಬಿದಿ? ಮುಗೀತು ಬಿಡು."

ನಾನು ನಕ್ಕೆ. ಆದರೆ ಮರುದಿನದಿಂದಲೇ ಅಂಗಡಿ ಬಿಟ್ಟು ಹೋಗುವಾಗ ಬೋರ್ಡಿನ ಮುಚ್ಚಳದ ಮೇಲೆ ಚಿಟಿಕೆ ಹೊಟ್ಟು ಉದುರಿಸಿ ಹೋಗತೊಡಗಿದೆ. ಯಾರಾದರೂ ತೆರೆದರೆ ಕೆಳಗೆ ಬೀಳಬೇಕು. ಹೊಟ್ಟು ಎಂದೂ ಬೀಳಲಿಲ್ಲ. ಇವರಿಗೆ ನನ್ನ ಉಪಾಯ ಗೊತ್ತಾಗಿದೆ ಎಂದು ಅದಕ್ಕೂ ಸಂಶಯಪಟ್ಟೆ.

ಹೋದ ಚಳಿಗಾಲದಲ್ಲಿ ಹುಲುಗಪ್ಪ ತೀರಿಕೊಂಡ ಸುದ್ದಿ ನಸುಕಿನಲ್ಲಿ ಬಂತು. ನಮ್ಮನೆಯವರು ಬೈಕ್ ಹತ್ತಿ ಮುಂದಾಗಿ ಹೋದರು. ಅವನು ಬಿಟ್ಟುಹೋದಮೇಲೆ ಒಂದು ಸಲವೂ ಅವನ ಹೆಸರೆತ್ತದವರು ನನಗಿಂತ ಮೊದಲು ಹೋಗಿದ್ದು ಸೋಜಿಗವೇ. ಬಸ್ಸಿನಲ್ಲಿ ಟಿಕೆಟ್ಟಿಗೆಂದು ಪರ್ಸಿಗೆ ಕೈ ಹಾಕಿದೆ. ಫ್ಯೂಸು ಇರಲಿಲ್ಲ.

ಇದು ನಮ್ಮನೆಯವರದೇ ಕೆಲಸ. ತಾನಿಲ್ಲದಿದ್ದರೂ ಕೆಲಸ ನಿಲ್ಲಬಾರದೆಂದು ಹೋಗುವಾಗ ಫ್ಯೂಸು ಹಾಕಿ ಹೋಗಿದ್ದಾರೆ. ಅಂಗಡಿಯಲ್ಲಿ ಕೆಲಸದವರಿಬ್ಬರೇ. ಕರೆಂಟು ಹೋಗುತ್ತದೆ, ಸ್ವಿಚ್ ಹಾಗೇ ಬಿಡುತ್ತಾರೆ, ಯಾವನೋ ಚಕ್ಕೆ ತೆಗೆಯಲು ಬಗ್ಗುತ್ತಾನೆ. ಅಂಗಡಿಯ ಹುಡುಗರಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಮಷಿನ್ನಿನ ಸದ್ದಿನಲ್ಲಿ ಫೋನು ಎಲ್ಲಿ ಕೇಳಬೇಕು. ಕಂಪ್ಲಿ ದಾಟುವ ತನಕ ನಮ್ಮನೆಯವರನ್ನು ಮನಸ್ಸಿನಲ್ಲೇ ಬಯ್ದೆ. ಸತ್ತವನ ಮನೆಗೆ ಹೋಗುವ ದಿನವೇ ಅವನ ಮಾತು ಮುರಿದರಲ್ಲ ಎಂದು ಅಳು ಬಂತು.

ನಾನು ತಲುಪಿದಾಗ ಚಟ್ಟ ಎತ್ತುವ ಹೊತ್ತು. ಮುಂದಿನ ಬಿದಿರಿಗೆ ನಮ್ಮನೆಯವರೇ ನಿಂತಿದ್ದರು. ಹೆಗಲು ಕೊಡಲು ಬಗ್ಗಿದರು. ಅವರ ಅಂಗಿಯ ಜೇಬಿನಿಂದ ಏನೋ ಬೆಳ್ಳಗೆ ಜಾರಿ ಅಂಗಳದ ಮಣ್ಣಿಗೆ ಬಿತ್ತು.

ಎಲ್ಲರೂ ನೋಡಿದರು. ಅವರು ಅದನ್ನೆತ್ತಿ, ಧೂಳು ಊದಿ, ತಂತಿ ಬಿಗಿಯಾಗಿದೆಯೇ ಎಂದು ಉಗುರಿನಿಂದ ಮುಟ್ಟಿ ನೋಡಿದರು. ಪಕ್ಕದಲ್ಲಿ ನಿಂತಿದ್ದ ನನಗೆ, "ಹುಡುಗ್ರಷ್ಟ ಅದಾರಲ್ಲ ಅಲ್ಲಿ. ಮರತು ಪರ್ಸ್ ಬಿಟ್ಟುಬರ್ತಿಯೇನೋ ಅಂತ ಅನುಮಾನ ಬಂತು, ನಾನ ತಗೊಂಡೆ" ಎಂದರು. ಫ್ಯೂಸನ್ನು ಜೇಬಿಗೆ ಹಾಕಿ ಗುಂಡಿ ಹಚ್ಚಿದರು. ಆಮೇಲೆ ಹತ್ತೂ ಬೆರಳಿನಿಂದ ಬಿದಿರು ಹಿಡಿದು ಹುಲುಗಪ್ಪನನ್ನು ಎತ್ತಿಕೊಂಡರು.

ಮನೆಗೆ ಬಂದಮೇಲೂ ನಾನು ಅದನ್ನು ವಾಪಸ್ ಕೇಳಲಿಲ್ಲ.