ಕರಗಿಸದೆ ಉಳಿದ ವೈಕಿಂಗ್ ಬೆಳ್ಳಿ

ಕೋವಿಡ್ ಮುಗಿದ ಮರುವರ್ಷ ನಾನು ದುಬೈನ ದೇರಾದಲ್ಲಿ, ಚಿನ್ನ ಬೆಳ್ಳಿಯ ಶುದ್ಧತೆ ಪರೀಕ್ಷಿಸುವ ಖಾಸಗಿ ಲ್ಯಾಬೊಂದರಲ್ಲಿ ಹಿರಿಯ ಪರೀಕ್ಷಕನಾಗಿದ್ದೆ. ಎಕ್ಸ್‌ಆರ್‌ಎಫ್ ಎಂಬ ಯಂತ್ರದ ಕೆಳಗೆ ಲೋಹವನ್ನಿಟ್ಟರೆ, ಕೆರೆಯದೆಯೇ ಅದರಲ್ಲಿ ಏನೇನು ಬೆರೆತಿದೆ ಎಂಬುದು ತಿಳಿಯುತ್ತದೆ. ಗಿರಾಕಿ ಕೇಳಿದರೆ ಕರಗಿಸಿ ಗಟ್ಟಿ ಮಾಡಿಕೊಡುವುದೂ ನಮ್ಮದೇ ಕೆಲಸ. ಮಾಲೀಕರು ಮಂಗಳೂರಿನ ಅಶ್ರಫ್. ನನ್ನ ವೀಸಾ ಅವರ ಕೈಯಲ್ಲಿತ್ತು. ಮುಂದಿನ ತಿಂಗಳೇ ಅದರ ನವೀಕರಣವಿತ್ತು.

ಒಂದು ಮಧ್ಯಾಹ್ನ ಡಿಸ್ಕವರಿ ಗಾರ್ಡನ್ಸ್ ಬಡಾವಣೆಯಿಂದ ಪ್ರವೀಣ್ ಎಂಬ ಮೈಸೂರಿನ ಎಂಜಿನಿಯರ್ ಬಂದರು. ಕಾಲ್ಚೀಲದೊಳಗಿಂದ ಒಂದು ಮುರಿದ ಬೆಳ್ಳಿ ಬಳೆಯನ್ನೂ ನಾಣ್ಯದ ಹನ್ನೊಂದು ತುಂಡುಗಳನ್ನೂ ಮೇಜಿನ ಮೇಲೆ ಸುರಿದರು.

“ಅಜ್ಜಿದು ಸಾರ್. ಕರಗಿಸಿ ಗಟ್ಟಿ ಮಾಡ್ಕೊಡಿ.”

ಕುಲುಮೆ ಹಚ್ಚಿ, ಬಳೆಯನ್ನು ಯಂತ್ರದಡಿ ಇಟ್ಟೆ. ಬೆಳ್ಳಿಯ ಜೊತೆ ಸೀಸ, ಚಿನ್ನ, ಬಿಸ್ಮತ್‌ನ ಸಣ್ಣ ಅಂಶಗಳು ಕಂಡವು. ಇಂದಿನ ಕಾರ್ಖಾನೆಯ ಬೆಳ್ಳಿ ಹಾಗಿರುವುದಿಲ್ಲ. ನಾಣ್ಯದ ತುಂಡುಗಳಲ್ಲಿ ಅರಬ್ಬಿ ಅಕ್ಷರಗಳಿದ್ದವು, ಬಳೆಯ ಅಂಚಿನಲ್ಲಿ ಚಾಕುವಿನಿಂದ ಚುಚ್ಚಿದ ಗುರುತುಗಳು. ಸಾವಿರ ವರ್ಷದ ಹಿಂದೆ ಉತ್ತರ ಯುರೋಪಿನ ಕಡಲುಗಳ್ಳರಾದ ವೈಕಿಂಗರು ಅರಬ್ ನಾಣ್ಯಗಳನ್ನು ತುಂಡರಿಸಿ ಹಣವಾಗಿ ಬಳಸುತ್ತಿದ್ದರು, ಬೆಳ್ಳಿ ಅಸಲಿಯೋ ನಕಲಿಯೋ ಎಂದು ಹಾಗೆ ಚುಚ್ಚಿ ನೋಡುತ್ತಿದ್ದರು ಎಂದು ಓದಿದ್ದೆ. ಅಂದರೆ ನನ್ನದೇ ಕಸುಬಿನವನೊಬ್ಬ ಇದನ್ನು ನನಗಿಂತ ಮೊದಲೇ ಪರೀಕ್ಷಿಸಿದ್ದ.

“ಅಜ್ಜಿ ಯಾವ ಊರಿನವರು?” ಎಂದೆ.

ಪ್ರವೀಣ್ ಅದು ಅಜ್ಜಿಯದಲ್ಲ ಎಂದು ಒಪ್ಪಿಕೊಂಡು, ಎಲ್ಲವನ್ನೂ ಹೇಳಿದರು. ಉತ್ತರ ಇಂಗ್ಲೆಂಡಿನಲ್ಲಿ ಕೆಲಸಕ್ಕಿದ್ದಾಗ ವಾರಾಂತ್ಯಗಳಲ್ಲಿ ಮೆಟಲ್ ಡಿಟೆಕ್ಟರ್ ಹಿಡಿದು ಹೊಲ ಸುತ್ತುವ ಹವ್ಯಾಸ ಹತ್ತಿತ್ತು. ಒಬ್ಬ ರೈತ ತನ್ನ ಹೊಲದಲ್ಲಿ ಹುಡುಕಲು ಒಪ್ಪಿಗೆ ಕೊಟ್ಟು, ಪ್ರತಿ ಸಲವೂ ಚಹಾ ಕುಡಿಸುತ್ತಿದ್ದ. ಇದು ಸಿಕ್ಕಿದ್ದು ಅಲ್ಲಿಯೇ. ಇಂಥ ನಿಧಿ ಸಿಕ್ಕರೆ ಹದಿನಾಲ್ಕು ದಿನದೊಳಗೆ ತಿಳಿಸಬೇಕೆಂಬುದು ಅಲ್ಲಿಯ ಕಾನೂನು.

“ಮೊದಲನೇ ದಿನ ನಾಳೆ ಹೇಳೋಣ ಅಂದ್ಕೊಂಡೆ. ಹದಿನೈದನೇ ದಿನ ಹೆದರಿಕೆ ಆಯ್ತು.”

ಬ್ಯಾಗಿನಲ್ಲಿಟ್ಟುಕೊಂಡೇ ದುಬೈಗೆ ಬಂದಿದ್ದರು. ಮಾರಲು ಹೋದರೆ ಕಾಗದ ಕೇಳುತ್ತಾರೆ. ಒಮ್ಮೆ ಹೇಗೋ ದಾಟಿದ್ದರೂ, ಊರಿಗೆ ಒಯ್ಯಲು ವಿಮಾನ ನಿಲ್ದಾಣದ ಸ್ಕ್ಯಾನರ್‌ನ ಭಯ. ಹಂಚಿಕೊಂಡ ಫ್ಲ್ಯಾಟ್‌ನಲ್ಲಿ ಬಿಟ್ಟು ಹೋಗುವಂತಿಲ್ಲ. ಹಾಗಾಗಿ ಎರಡು ವರ್ಷ ಎಲ್ಲಿಗೂ ಹೋಗಿರಲಿಲ್ಲ, ತಂಗಿಯ ಮದುವೆಗೂ. ಕರಗಿಸಿದರೆ ಬಿಡುಗಡೆ ಎಂದುಕೊಂಡಿದ್ದರು.

ಅಶ್ರಫರನ್ನು ಕರೆದೆ. ಅವರು ಕೇಳಿಸಿಕೊಂಡು, “ಆಚಾರ್ರೇ, ನಮಗೆ ಇದೆಲ್ಲ ಎಂತಕ್ಕೆ? ಕರಗಿಸಿ ಕೊಟ್ಟುಬಿಡಿ, ಖಲಾಸ್” ಎಂದರು.

ಕುಲುಮೆ ಕಾದು ಕೆಂಪಾಗಿತ್ತು. ಕರಗಿಸಿದರೆ ನಾನೂ ತಪ್ಪಿನಲ್ಲಿ ಪಾಲುದಾರ. ಕರಗಿಸದಿದ್ದರೆ ವೀಸಾ ಏನಾಗುವುದೋ ಗೊತ್ತಿಲ್ಲ. ಮಗಳ ಶಾಲೆ, ಮನೆ ಎಲ್ಲವೂ ಆ ಒಂದು ವೀಸಾದ ಮೇಲೆ ನಿಂತಿದ್ದವು. ಕುಲುಮೆಯ ಸ್ವಿಚ್ ಆರಿಸಿದೆ.

“ಇದನ್ನು ನಾನು ಕರಗಿಸುವುದಿಲ್ಲ. ಬೇಕಾದರೆ ವೀಸಾ ಕ್ಯಾನ್ಸಲ್ ಮಾಡಿ.”

ಅಶ್ರಫ್ ಕುರ್ಚಿ ಎಳೆದು ಪ್ರವೀಣ್ ಎದುರು ಕುಳಿತರು. “ಹಾಗಾದ್ರೆ ಇವತ್ತೇ ಇಂಗ್ಲೆಂಡಿಗೆ ಬರೆದು ತಿಳಿಸಿ. ಬರೆಯದೆ ಇದು ನನ್ನ ಲಾಕರಿನಲ್ಲಿ ಇರುವುದು ಬೇಡ.”

ಇಂಗ್ಲೆಂಡಿನಲ್ಲಿ ಇಂಥ ವಸ್ತುಗಳ ವರದಿ ಪಡೆಯುವ ಅಧಿಕಾರಿಗೆ ಪ್ರವೀಣ್ ಮೇಲ್ ಬರೆದರು. ಕಳುಹಿಸುವ ಗುಂಡಿ ಒತ್ತುವ ಮೊದಲು ಮೂರು ಸಲ ಕೈ ಹಿಂದೆ ತೆಗೆದರು. ತೊಳೆಯಬೇಡಿ, ಅಂಚೆಯಲ್ಲಿ ಕಳುಹಿಸಬೇಡಿ, ಸಿಕ್ಕಿದ ಜಾಗ ತಿಳಿಸಿ ಎಂದು ಉತ್ತರ ಬಂತು. ಮುಂದಿನದೆಲ್ಲ ವಕೀಲರ ಮೂಲಕ ನಡೆಯಿತು. ಕಾಗದಪತ್ರ ಮುಗಿಯಲು ತಿಂಗಳುಗಳೇ ಹಿಡಿದವು. ಅಷ್ಟರಲ್ಲಿ ನನ್ನ ವೀಸಾ ನವೀಕರಣವಾಗಿತ್ತು. ಅಶ್ರಫ್ ಆ ಮಾತೇ ಎತ್ತಲಿಲ್ಲ.

ಪ್ರವೀಣ್ ತಾವೇ ಬೆಳ್ಳಿಯೊಂದಿಗೆ ಇಂಗ್ಲೆಂಡಿಗೆ ಹೋಗಿ, ಅದನ್ನು ಒಪ್ಪಿಸಿ, ಪೊಲೀಸರೆದುರು ಹೇಳಿಕೆ ಕೊಟ್ಟರು. ಪೊಲೀಸರು ಎಚ್ಚರಿಕೆ ಕೊಟ್ಟು ಅವರನ್ನು ಬಿಟ್ಟರು. ನಿಧಿ ಸಿಕ್ಕವರಿಗೂ ಹೊಲದ ಒಡೆಯನಿಗೂ ಅಲ್ಲಿ ಕೊಡುವ ಬಹುಮಾನದಲ್ಲಿ ಪ್ರವೀಣರ ಹಕ್ಕು ಹೋಯಿತು. ಅವರು ತೋರಿಸಿದ ಜಾಗದಲ್ಲಿ ತಜ್ಞರು ಅಗೆದಾಗ, ಬೆಳ್ಳಿ ತುಂಬಿಟ್ಟಿದ್ದ ಮಡಕೆಯ ಬುಡ ಸಿಕ್ಕಿತಂತೆ. ಅಲ್ಲಿಂದಲೇ ಪ್ರವೀಣ್ ನನಗೆ ಫೋನ್ ಮಾಡಿದರು.

“ರೈತನ ಮನೆಗೆ ಹೋಗಿದ್ದೆ ಸಾರ್. ಅವರು ಬಾಗಿಲು ತೆಗೀಲಿಲ್ಲ.” ಆಮೇಲೆ, “ನಾಳೆ ಮೈಸೂರಿಗೆ ಟಿಕೆಟ್ ಮಾಡಿದೀನಿ” ಎಂದರು.

ಲೋಹದಲ್ಲಿ ಬೆಳ್ಳಿ ಎಷ್ಟಿದೆ ಎಂದು ಯಂತ್ರ ಹೇಳುತ್ತದೆ. ಅದು ಎಲ್ಲಿಂದ ಬಂತು ಎಂಬುದನ್ನು ತಂದವರನ್ನೇ ಕೇಳಬೇಕು, ಅದೂ ಕುಲುಮೆ ಹಚ್ಚುವ ಮೊದಲು. ಅಷ್ಟು ವರ್ಷ ನಾನು ಕೇಳಿರಲಿಲ್ಲ. ಎಷ್ಟು ಬಳೆಗಳನ್ನು ಹಾಗೆಯೇ ಕರಗಿಸಿದ್ದೇನೋ ನನಗೆ ಗೊತ್ತಿಲ್ಲ.